ಜೀವಕೋಶ ಕುಡಿಯುವುದನ್ನು ನಾನು ನೋಡಿದ್ದು

ಜೀವಕೋಶಗಳೂ ಕುಡಿಯುತ್ತವೆ. ನಾನು ಇದನ್ನು ಕಣ್ಣಾರೆ ಕಂಡದ್ದು ಇಲಿಯ ಮ್ಯಾಕ್ರೊಫೇಜ್‌ಗಳಲ್ಲಿ, ಅಂದರೆ ರೋಗಾಣುಗಳನ್ನು ನುಂಗುವ ರಕ್ಷಣಾ ಕೋಶಗಳಲ್ಲಿ. ಮೈಕ್ರೊಸ್ಕೋಪಿನಲ್ಲಿ ನೋಡುತ್ತಾ ಕೂತರೆ ಕೋಶದ ಅಂಚು ಸೀರೆ ನಿರಿಗೆಯ ಹಾಗೆ ಮೇಲೇಳುತ್ತದೆ, ಬಾಗುತ್ತದೆ, ಸುತ್ತಲಿನ ದ್ರವವನ್ನು ಒಳಗೆ ಹಾಕಿಕೊಂಡು ಮುಚ್ಚಿಕೊಳ್ಳುತ್ತದೆ. ಆ ಜಾಗದಲ್ಲಿ ಹೊಳೆಯುವ ಒಂದು ಗುಳ್ಳೆ ಉಳಿಯುತ್ತದೆ. ಅಮೆರಿಕದ ಕೋಶವಿಜ್ಞಾನಿ ವಾರೆನ್ ಲೂಯಿಸ್ 1931ರಲ್ಲಿ ಇದಕ್ಕೆ ಪಿನೊಸೈಟೋಸಿಸ್ ಎಂದು ಹೆಸರಿಟ್ಟರು. ಗ್ರೀಕ್‌ನಲ್ಲಿ ಪಿನೈನ್ ಅಂದರೆ ಕುಡಿಯುವುದು.

ದ್ರವದಲ್ಲಿ ಕರಗಿದ್ದೆಲ್ಲ ಅದರ ಜೊತೆಗೇ ಒಳಗೆ ಹೋಗುತ್ತದೆ. ಹಾಗಾಗಿ ಎಷ್ಟು ಕುಡಿಯಿತು ಅಂತ ಅಳೆಯಲು ಹೊಳೆಯುವ ಬಣ್ಣ ಕಟ್ಟಿದ ಡೆಕ್ಸ್‌ಟ್ರಾನ್ ಎಂಬ ಸಕ್ಕರೆ ಸರಪಳಿ ಹಾಕುತ್ತೇನೆ. ನಾನು ಬಳಸುವುದು 70,000 ಡಾಲ್ಟನ್‌ನದ್ದು (ಡಾಲ್ಟನ್ ಅಂದರೆ ಅಣುವಿನ ತೂಕದ ಅಳತೆ). ಇಷ್ಟು ದೊಡ್ಡದು ಕೋಶಪೊರೆಯನ್ನು ಸುಮ್ನೆ ದಾಟಲಾರದು. 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ತಣ್ಣನೆಯ ಬಫರ್‌ನಲ್ಲಿ (ಕೋಶಕ್ಕೆ ಹೊಂದುವ ಉಪ್ಪಿನ ದ್ರಾವಣದಲ್ಲಿ) ತೊಳೆದು ನೋಡುತ್ತೇನೆ.

ಆದರೆ ಕಂಡ ಚುಕ್ಕೆ ಒಳಗಿನದೋ, ಹೊರಗೆ ಅಂಟಿದ್ದೋ? ಅದಕ್ಕೇ ಐಸ್ ಮೇಲೆ ಇನ್ನೊಂದು ತಟ್ಟೆ ಬೇಕು. 4 ಡಿಗ್ರಿಯಲ್ಲಿ ಕೋಶ ಕುಡಿಯುವುದು ನಿಂತುಹೋಗುತ್ತದೆ. ಅಲ್ಲೂ ಹೊಳೆದರೆ ಅದು ಬರೀ ಅಂಟಿದ ಬಣ್ಣ ಅಂತ ಲೆಕ್ಕ.

ನನ್ನ ಮೊದಲ ಪ್ರಯೋಗದಲ್ಲಿ ಐಸ್ ತಟ್ಟೆಯೂ ಚೆನ್ನಾಗಿಯೇ ಹೊಳೆಯಿತು! ತೊಳೆದದ್ದು ಸಾಲದು ಅಂದುಕೊಂಡು ಐದು ಸಲ ತೊಳೆದೆ, ಏನೂ ಬದಲಾಗಲಿಲ್ಲ. ಎರಡು ವಾರ ಹೀಗೇ ಹೋಯಿತು. ಕೊನೆಗೆ ಕೈಯ ಒಂದೊಂದು ಕೆಲಸವನ್ನೂ ಬರೆದುಕೊಂಡು ನೋಡಿದಾಗ ತಪ್ಪು ಸಿಕ್ಕಿತು. ಬೆಚ್ಚಗಿದ್ದ ಕೋಶಗಳಿಗೆ ಡೆಕ್ಸ್‌ಟ್ರಾನ್ ಹಾಕಿ, ಆಮೇಲೆ ಐಸ್ ಮೇಲೆ ಇಡುತ್ತಿದ್ದೆ. ತಣ್ಣಗಾಗುವಷ್ಟರಲ್ಲಿ ಅವು ಕುಡಿದು ಮುಗಿಸಿರುತ್ತಿದ್ದವು. ಮ್ಯಾಕ್ರೊಫೇಜ್ ಒಂದು ಗಂಟೆಗೆ ತನ್ನ ಗಾತ್ರದ ಕಾಲು ಭಾಗದಷ್ಟು ದ್ರವ ಕುಡಿಯುತ್ತದೆ, ಕೆಲವೇ ನಿಮಿಷ ಸಿಕ್ಕರೂ ಸಾಕಲ್ವಾ?

ಈಗ ಕೋಶಗಳನ್ನು ಮೊದಲೇ 20 ನಿಮಿಷ ಐಸ್ ಮೇಲೆ ಇಡುತ್ತೇನೆ. ಡೆಕ್ಸ್‌ಟ್ರಾನ್ ಕೂಡ ತಣ್ಣಗೇ ಇರಬೇಕು.

ಬಣ್ಣದ ಬಗ್ಗೆ ಒಂದು ಮಾತು. ಹಸಿರು ಫ್ಲೋರೆಸಿನ್ ಆಮ್ಲದಲ್ಲಿ ಮಂಕಾಗುತ್ತದೆ, ಗುಳ್ಳೆ ಒಳಗೆ ಹೋದ ಹಾಗೆ ಆಮ್ಲೀಯವಾಗುತ್ತಾ ಹೋಗುತ್ತದೆ. ಜಾಸ್ತಿ ಕುಡಿದ ಕೋಶವೇ ಕಡಿಮೆ ಕುಡಿದಂತೆ ಕಾಣಬಹುದು. ಅಳೆಯುವುದಿದ್ದರೆ ಕೆಂಪು ರೋಡಮಿನ್ ಕಟ್ಟಿದ್ದನ್ನೇ ತೆಗೆದುಕೊಳ್ಳಿ.

ಕ್ರಮ ಬದಲಿಸಿದ ದಿನ ಐಸ್ ತಟ್ಟೆಯ ಕವರ್‌ಸ್ಲಿಪ್ (ಕೋಶಗಳು ಅಂಟಿರುವ ತೆಳು ಗಾಜು) ಪೂರ್ತಿ ಕಪ್ಪಾಗಿತ್ತು. ಪಕ್ಕದ ಬೆಚ್ಚಗಿನದರಲ್ಲಿ ಕೋಶಕೋಶದಲ್ಲೂ ರಾಗಿ ಕಾಳು ಚೆಲ್ಲಿದಂತೆ ಕೆಂಪು ಚುಕ್ಕೆಗಳು. ಎರಡನ್ನೂ ಎಷ್ಟು ಸಲ ಅದಲು ಬದಲು ಮಾಡಿ ನೋಡಿದೆನೋ!