ಗಾಂಧಿ ಹತ್ತು ರೂಪಾಯಿ: ದರ್ಜೆ ನೋಡಿದ ಬಗೆ

ಗಾಂಧೀಜಿ ಜನ್ಮಶತಾಬ್ದಿಗೆಂದು 1969ರಲ್ಲಿ ಬಂದ ಹತ್ತು ರೂಪಾಯಿಯ ಬೆಳ್ಳಿ ನಾಣ್ಯ ನಮ್ಮ ಕಡೆ ಎಷ್ಟೋ ಮನೆಗಳ ದೇವರ ಡಬ್ಬಿಯಲ್ಲಿದೆ. ಸಂತೆ, ಬಸ್ಸು ಅಂತ ಓಡಾಡಿದ್ದು ಕಡಿಮೆ, ಹಾಗಾಗಿ ಸವೆತವೂ ಕಡಿಮೆ. ಇದನ್ನು ಕೆಡಿಸುವುದು ಹಬ್ಬದ ಹಿಂದಿನ ದಿನದ ತಿಕ್ಕಾಟ. ಚಿಕ್ಕಮ್ಮ ಒಂದನ್ನು ತಂದು "ನೋಡೋ, ಇದಕ್ಕೇನು ಬರುತ್ತೆ" ಅಂದಾಗ ನಾನು ಹುಡುಕಿದ್ದೂ ಅದನ್ನೇ.

ಅಸಲಿಯೋ ನಕಲಿಯೋ ಎಂಬುದು ಬೇಗ ತೀರಿತು. ತೂಕ 15 ಗ್ರಾಂ, ಅಡ್ಡಳತೆ 34 ಮಿ.ಮೀ. ಸರಿಯಿತ್ತು. ಸಣ್ಣ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತಂದು, ನಾಣ್ಯವನ್ನು ದಾರದಲ್ಲಿ ತೂಗುಬಿಟ್ಟು, ತಳ ತಾಗದಂತೆ ಮುಳುಗಿಸಿದೆ. ಒಂದೂವರೆ ಗ್ರಾಂ ಆಸುಪಾಸು ತೋರಿಸಿತು, ಅದು ನಾಣ್ಯ ಸರಿಸಿದ ನೀರಿನ ತೂಕ. 15ನ್ನು ಅದರಿಂದ ಭಾಗಿಸಿದರೆ ಸುಮಾರು 10, ಶೇ. 80 ಬೆಳ್ಳಿಗೆ ತಾಮ್ರ ಬೆರೆತರೆ ಬರುವ ಸಾಂದ್ರತೆಯೂ ಅಷ್ಟೇ. ಒರೆಗಲ್ಲಿಗೆ ಮಾತ್ರ ನಾನು ಕೊಡುವುದಿಲ್ಲ, ಅಂಚಿನ ಗೆರೆ ಹಾಳಾಗುತ್ತದೆ.

ಆಮೇಲೆ ಟ್ಯೂಬ್‌ಲೈಟ್ ಆರಿಸಿ ಒಂದೇ ಟೇಬಲ್ ಲ್ಯಾಂಪ್ ಹಾಕಿದೆ. ಅಂಚು ಹಿಡಿದು ನಾಣ್ಯವನ್ನು ಮೆಲ್ಲಗೆ ಓಲಾಡಿಸಬೇಕು. ಟಂಕಸಾಲೆಯ ಹೊಳಪು ಉಳಿದಿದ್ದರೆ ಬೆಳಕು ಗಾಡಿಚಕ್ರದ ಅರೆಕಾಲಿನಂತೆ ಮೈಮೇಲೆ ಸುತ್ತುತ್ತದೆ. ಇಲ್ಲಿ ಸುತ್ತಲಿಲ್ಲ, ಇಡೀ ಮೈ ಒಂದೇ ಸಮ ಬೆಳ್ಳಗೆ ಮಿನುಗಿತು. ಹತ್ತು ಪಟ್ಟು ಮಸೂರದಲ್ಲಿ ನೋಡಿದರೆ ಗಾಂಧೀಜಿ ಮುಖದ ಎದುರಿನ ಖಾಲಿ ಜಾಗದಲ್ಲಿ ಕೂದಲೆಳೆಯಂಥ ಗೀರುಗಳು, ಎಲ್ಲವೂ ಒಂದೇ ದಿಕ್ಕಿಗೆ. ಅಕ್ಷರಗಳ ಸಂದಿಯಲ್ಲಿ ಬಿಳಿ ಪುಡಿ. "ಹಲ್ಲುಪುಡಿಯಾ ಚಿಕ್ಕಮ್ಮ?" "ಮತ್ತೆ? ಕಪ್ಪಗಿದ್ದರೆ ಲಕ್ಷ್ಮಿ ಮುಂದೆ ಇಡೋಕಾಗುತ್ತಾ?"

ಆ ಕಪ್ಪನ್ನೇ ನಾವು ಸಂಗ್ರಾಹಕರು ಬಯಸುವುದು!

ಸವೆತ ಮೊದಲು ಕಾಣುವುದು ಉಬ್ಬಿದ ಕಡೆ: ಕೆನ್ನೆಮೂಳೆ, ಕಿವಿಯ ಮೇಲಂಚು, ಹಿಂಬದಿಯಲ್ಲಿ ಸಿಂಹದ ಎದೆ. ಕೆನ್ನೆ ಕೊಂಚ ಚಪ್ಪಟೆಯಾಗಿತ್ತು, ಸಿಂಹದ ಕೇಸರದ ಎಳೆಗಳು ಹಾಗೇ ಇದ್ದವು. ಅಂಚಿನಲ್ಲಿ ಕೊಂಡಿ ಬೆಸೆದ ಗುರುತಿರಲಿಲ್ಲ. ಇದ್ದಿದ್ದರೆ ಮಾತೇ ಮುಗಿಯುತ್ತಿತ್ತು. ಅಲ್ಲಲ್ಲಿ ಚುಕ್ಕೆಯಂಥ ಪೆಟ್ಟುಗಳಿದ್ದವು. ಅವು ಟಂಕಸಾಲೆಯ ಚೀಲದಲ್ಲಿ ನಾಣ್ಯಗಳು ಒಂದಕ್ಕೊಂದು ಬಡಿದು ಆದವು, ಹೊಸ ನಾಣ್ಯಕ್ಕೂ ಇರುತ್ತವೆ, ಸವೆತದ ಲೆಕ್ಕಕ್ಕೆ ಬರುವುದಿಲ್ಲ.

ಸವೆತವೊಂದನ್ನೇ ನೋಡಿದ್ದರೆ ಎಕ್ಸ್‌ಎಫ್ ಅನ್ನುತ್ತಿದ್ದೆ, ಅಂದರೆ ಸವೆತ ತೀರಾ ಕಡಿಮೆ ಇರುವ ದರ್ಜೆ. ಚೀಟಿಯಲ್ಲಿ "ಎಕ್ಸ್‌ಎಫ್ ವಿವರ, ತಿಕ್ಕಿದ್ದು" ಎಂದು ಬರೆದೆ. ಇಂಥದ್ದಕ್ಕೆ ವ್ಯಾಪಾರಿಗಳು ಬೆಳ್ಳಿಯ ತೂಕದ ಬೆಲೆಗಿಂತ ಹೆಚ್ಚೇನೂ ಕೊಡುವುದಿಲ್ಲ. ಅಷ್ಟಕ್ಕಾದರೆ ಮಾರುವುದಿಲ್ಲ ಅಂತ ಚಿಕ್ಕಮ್ಮ ಡಬ್ಬಿಗೇ ಹಾಕಿಕೊಂಡರು.