ರೋಲರ್ ಯಂತ್ರದಲ್ಲಿ ಕಪ್ಪು-ಬಿಳುಪು ಪ್ರಿಂಟ್ ತೆಗೆಯುವ ಬಗೆ

ನಾನು ಛಾಯಾಗ್ರಾಹಕನಾಗಿ ಬದುಕಿದವನಲ್ಲ. ಆಸ್ಪತ್ರೆಯೊಂದರ ಎಕ್ಸ್-ರೇ ವಿಭಾಗದ ಕತ್ತಲೆ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವನು. ಮೊದಮೊದಲು ಫಿಲ್ಮನ್ನು ಹ್ಯಾಂಗರಿಗೆ ಸಿಕ್ಕಿಸಿ ತೊಟ್ಟಿಯಲ್ಲಿ ಅದ್ದುತ್ತಿದ್ದೆವು. ಆಮೇಲೆ, ಉರುಳೆಗಳೇ ಹಾಳೆಯನ್ನು ತೊಟ್ಟಿಯಿಂದ ತೊಟ್ಟಿಗೆ ಸಾಗಿಸುವ ರೋಲರ್ ಯಂತ್ರ ಬಂತು. ಕೊಡಕ್ ಕಂಪನಿ 1956ರಲ್ಲಿ ತಂದ ಎಕ್ಸ್-ಓಮ್ಯಾಟ್ ಯಂತ್ರ ಒಣ ಫಿಲ್ಮನ್ನು ಆರು ನಿಮಿಷದಲ್ಲಿ ಕೈಗೆ ಕೊಡುತ್ತಿತ್ತು, 1965ರ ಮಾದರಿ 90 ಸೆಕೆಂಡಿನಲ್ಲಿ. ನಿವೃತ್ತಿಯ ನಂತರ ದಾವಣಗೆರೆಯ ನಮ್ಮ ಮನೆಯ ಹಿಂದಿನ ಬಚ್ಚಲಿನಲ್ಲಿ, ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್ ಇಟ್ಟುಕೊಂಡು ನೆಗೆಟಿವ್‌ಗಳಿಂದ ಪ್ರಿಂಟ್ ತೆಗೆಯತೊಡಗಿದಾಗ, ಮುಚ್ಚಿಹೋದ ಸ್ಟುಡಿಯೊ ಒಂದರಿಂದ ಮೇಜಿನ ಮೇಲೆ ಕೂರುವ ಪುಟ್ಟ ರೋಲರ್ ಯಂತ್ರವನ್ನು ಕೊಂಡೆ. ಚಿತ್ರ ಮೂಡಿಸುವ ಡೆವಲಪರ್, ಮೂಡಿದ್ದನ್ನು ಉಳಿಸುವ ಫಿಕ್ಸರ್, ತೊಳೆಯುವ ನೀರು ಎಂದು ಮೂರು ತೊಟ್ಟಿ. ಪ್ರತಿಯೊಂದರಲ್ಲೂ ಉರುಳೆಗಳ ಒಂದೊಂದು ಚೌಕಟ್ಟು. ಅಂಥದ್ದೊಂದು ನಿಮ್ಮ ಕೈಗೆ ಬಂದಿದ್ದರೆ ಈ ಬರಹ ನಿಮಗಾಗಿ.

ಕಾಗದದಿಂದ ಶುರು ಮಾಡೋಣ. ಈ ಯಂತ್ರಕ್ಕೆ ಆರ್‌ಸಿ (ರೆಸಿನ್ ಲೇಪದ) ಕಾಗದ ಮಾತ್ರ. ಅದರ ಎರಡೂ ಮೈಗೆ ಪಾಲಿಥೀನ್ ಲೇಪವಿರುವುದರಿಂದ ರಾಸಾಯನಿಕ ಒಳಗೆ ಇಳಿಯುವುದಿಲ್ಲ. ಎರಡು ನಿಮಿಷ ಹರಿಯುವ ನೀರಿನಲ್ಲಿ ತೊಳೆದರೆ ಸಾಕು. ಆ ಲೇಪವಿಲ್ಲದ ಫೈಬರ್ ಕಾಗದ ನೀರು ಕುಡಿದು ಉಬ್ಬುತ್ತದೆ, ಅದರ ಮೃದುವಾದ ಎಮಲ್ಷನ್, ಅಂದರೆ ಚಿತ್ರ ಮೂಡುವ ಪದರ, ಉರುಳೆಗೆ ಸಿಕ್ಕು ಗೀರಿಹೋಗುತ್ತದೆ. ಅದನ್ನು ತೊಳೆಯುವುದಕ್ಕೇ ಸುಮಾರು ಒಂದು ಗಂಟೆ ಬೇಕು, ಹಾಗಾಗಿ ಯಂತ್ರದಿಂದ ಉಳಿಯುವ ಸಮಯವೂ ಇಲ್ಲ. ಫೈಬರ್ ಪ್ರಿಂಟನ್ನು ನಾನು ಇಂದಿಗೂ ಟ್ರೇಯಲ್ಲೇ, ಅಂದರೆ ದ್ರಾವಣ ತುಂಬಿದ ಅಗಲ ತಟ್ಟೆಯಲ್ಲಿ ಕೈಯಿಂದಲೇ ಮಾಡುತ್ತೇನೆ.

ಡೆವಲಪರ್ ಕೂಡ ಯಂತ್ರಕ್ಕೆಂದೇ ತಯಾರಾದದ್ದಿರಲಿ. ತಿರುಗುವ ಉರುಳೆ ದ್ರಾವಣವನ್ನು ಕ್ಷಣಕ್ಷಣವೂ ಗಾಳಿಗೆ ಒಡ್ಡುತ್ತದೆ; ಟ್ರೇಗೆಂದು ಮಾಡಿದ ಡೆವಲಪರ್ ಇಲ್ಲಿ ಬೇಗ ಕಂದು ತಿರುಗಿ ಸೋಲುತ್ತದೆ. ಇನ್ನೊಂದು ಕಾರಣ ಶಾಖ. ಟ್ರೇ ಕೆಲಸದ ಲೆಕ್ಕವೆಲ್ಲ 20 ಡಿಗ್ರಿಯದು. ಏಪ್ರಿಲ್‌ನಲ್ಲಿ ನಮ್ಮ ಬಚ್ಚಲು 33 ಡಿಗ್ರಿ ಇರುತ್ತದೆ, ನಲ್ಲಿಯ ನೀರೂ ಹೆಚ್ಚು ಕಡಿಮೆ ಅಷ್ಟೇ. ಯಂತ್ರಕ್ಕೆ ಬಿಸಿ ಮಾಡಲು ಬರುತ್ತದೆ, ತಣ್ಣಗೆ ಮಾಡಲು ಬರುವುದಿಲ್ಲ. ಆದ್ದರಿಂದ ನಿಮ್ಮ ಕೋಣೆ ವರ್ಷದಲ್ಲಿ ಅತಿ ಹೆಚ್ಚು ಎಷ್ಟು ಬಿಸಿಯಾಗುತ್ತದೆಯೋ ಅದಕ್ಕಿಂತ ಒಂದೆರಡು ಡಿಗ್ರಿ ಮೇಲಿಟ್ಟು ಯಂತ್ರವನ್ನು ಹೊಂದಿಸಿ. ನನ್ನದು 35ರಲ್ಲಿ ನಿಂತಿದೆ, ಡಿಸೆಂಬರ್‌ನಲ್ಲೂ ಅಲ್ಲೇ. ಟ್ರೇಗೆ ಮಂಜುಗಡ್ಡೆ ಹಾಕಿ ಒದ್ದಾಡುತ್ತಿದ್ದ ದಿನಗಳನ್ನು ನೆನೆದರೆ, ಈ ಒಂದು ಕಾರಣಕ್ಕೇ ಯಂತ್ರಕ್ಕೆ ಕೈ ಮುಗಿಯಬೇಕು ಎನಿಸುತ್ತದೆ.

ತುಂಬುವ ಕ್ರಮ ತಪ್ಪಬಾರದು: ಮೊದಲು ಫಿಕ್ಸರ್, ಕೊನೆಗೆ ಡೆವಲಪರ್. ಫಿಕ್ಸರ್ ಸಿಡಿದು ಪಕ್ಕದ ತೊಟ್ಟಿಗೆ ಬಿದ್ದರೂ ಅದು ಖಾಲಿಯಿರುವುದರಿಂದ ತೊಳೆದುಬಿಡಬಹುದು. ಡೆವಲಪರಿನ ನಾಲ್ಕು ಹನಿ ಫಿಕ್ಸರಿಗೆ ಬಿದ್ದರೆ ನಷ್ಟವಿಲ್ಲ. ಫಿಕ್ಸರಿನ ನಾಲ್ಕು ಹನಿ ಡೆವಲಪರಿಗೆ ಬಿದ್ದರೆ ಆ ದಿನದ ಕೆಲಸ ಕೆಟ್ಟಂತೆ. ಚೌಕಟ್ಟುಗಳನ್ನು ಎತ್ತುವಾಗಲೂ ಇದೇ ಎಚ್ಚರ ಬೇಕು. ಡೆವಲಪರಿನದನ್ನು ಮೊದಲು ಎತ್ತಿ, ಆ ತೊಟ್ಟಿಗೆ ಮುಚ್ಚಳ ಹಾಕಿ, ಅನಂತರವೇ ಫಿಕ್ಸರಿನದಕ್ಕೆ ಕೈ ಹಾಕಿ.

ಯಂತ್ರ ಬಿಸಿಯಾಗಲು ಅರ್ಧ ಗಂಟೆ ಬಿಡಿ. ಬಳಿಕ ಎರಡು ಮೂರು ಹೊಸ ಹಾಳೆಗಳನ್ನು ಖಾಲಿಯಾಗಿ ಓಡಿಸಿ. ಹಿಂದಿನ ಸಲ ಉರುಳೆಯ ಮೇಲೆ ಒಣಗಿ ಉಳಿದ ಕಸವನ್ನು ಅವು ಒರೆಸಿಕೊಂಡು ಹೋಗುತ್ತವೆ. ಅವಧಿ ಮೀರಿದ ಕಾಗದವಾದರೂ ಸರಿ, ಆದರೆ ಒಮ್ಮೆಯೂ ಯಂತ್ರ ಕಂಡಿರದ ಹಾಳೆಯಾಗಿರಬೇಕು. ಮೊದಲ ತಿಂಗಳಲ್ಲಿ ನಾನು ಇಲ್ಲೇ ಎಡವಿದೆ. ಹಾಳಾದ ಪ್ರಿಂಟುಗಳು ರಾಶಿ ಬಿದ್ದಿದ್ದವು, ಒಳ್ಳೆಯ ಹಾಳೆಯನ್ನು ಯಾಕೆ ದಂಡ ಮಾಡಲಿ ಎಂದು ಅವನ್ನೇ ತೂರಿಸಿದೆ. ಹೇಗೂ ಬಿಸಾಡುವಂಥವು ಎಂದು ಅವನ್ನು ಸರಿಯಾಗಿ ತೊಳೆದೇ ಇರಲಿಲ್ಲ. ಅವುಗಳಲ್ಲಿ ಉಳಿದಿದ್ದ ಫಿಕ್ಸರ್ ದಿನವೂ ಒಂದಿಷ್ಟು ಡೆವಲಪರಿಗೆ ಸೇರುತ್ತಾ ಹೋಯಿತು. ಒಂದು ವಾರದಲ್ಲಿ ಪ್ರಿಂಟಿನ ಕಪ್ಪು ಬೂದುಬಣ್ಣಕ್ಕೆ ತಿರುಗಿತು. ಕಾಗದವನ್ನು ಶಂಕಿಸಿದೆ, ಎನ್‌ಲಾರ್ಜರಿನ ಬಲ್ಬನ್ನು ಶಂಕಿಸಿದೆ. ಓಡಿಸಿದ ಫಿಲ್ಮನ್ನು ಮತ್ತೆ ಓಡಿಸಬೇಡಿ ಎಂದು ಆಸ್ಪತ್ರೆಯಲ್ಲಿ ಹೊಸಬರಿಗೆ ಹೇಳಿಕೊಡುತ್ತಿದ್ದ ಮಾತು ಆಮೇಲೆ ನೆನಪಾಯಿತು. ಅಷ್ಟೂ ಡೆವಲಪರನ್ನು ಚೆಲ್ಲಬೇಕಾಯಿತು.

ಇನ್ನು ವೇಗ, ಅಂದರೆ ಉರುಳೆಗಳು ಹಾಳೆಯನ್ನು ಎಷ್ಟು ಬೇಗ ದಾಟಿಸಬೇಕು ಎಂಬುದು. ಒಂದು ಹಾಳೆಯ ಅರ್ಧ ಭಾಗವನ್ನು ಕಪ್ಪು ರಟ್ಟಿನಿಂದ ಮುಚ್ಚಿ, ಉಳಿದರ್ಧಕ್ಕೆ ಬಿಳಿ ಬೆಳಕು ತೋರಿಸಿ ಯಂತ್ರಕ್ಕೆ ಕೊಡಿ. ಹೀಗೆ ನಾಲ್ಕೈದು ಹಾಳೆಗಳನ್ನು, ಒಂದಕ್ಕಿಂತ ಒಂದು ನಿಧಾನವಾಗಿ ಓಡಿಸಿ, ಒಣಗಿಸಿ, ಹಗಲು ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಮೊದಮೊದಲು ಕಪ್ಪು ಗಾಢವಾಗುತ್ತಾ ಹೋಗುತ್ತದೆ, ಒಂದು ಹಂತದಲ್ಲಿ ನಿಲ್ಲುತ್ತದೆ. ಅದು ನಿಂತ ವೇಗಕ್ಕಿಂತ ಒಂದು ಗೆರೆ ನಿಧಾನವೇ ನಿಮ್ಮ ವೇಗ. ಇನ್ನೂ ನಿಧಾನಿಸಿದಾಗ ಬಿಳಿಯ ಭಾಗ ಮಾಸಿತೆಂದರೆ ಹದ ಮೀರಿತು ಎಂದರ್ಥ. ಆ ಅಂಕಿಯನ್ನು ಯಂತ್ರದ ಮೇಲೆಯೇ ಬರೆದಿಡಿ, ಮತ್ತೆ ಮುಟ್ಟಬೇಡಿ. ಟ್ರೇಯಲ್ಲಾದರೆ ಚಿತ್ರ ಮೂಡುವುದನ್ನು ನೋಡುತ್ತಾ ಬೇಗ ಎತ್ತಿಯೋ ಸ್ವಲ್ಪ ಹೆಚ್ಚು ಬಿಟ್ಟೋ ತಿದ್ದಿಕೊಳ್ಳುವ ಆಸೆ ಹುಟ್ಟುತ್ತದೆ. ಇಲ್ಲಿ ಅದಕ್ಕೆ ಆಸ್ಪದವಿಲ್ಲ. ಬೆಳಕಿನ ಲೆಕ್ಕವನ್ನು ಎನ್‌ಲಾರ್ಜರಿನ ಕೆಳಗೇ ಸರಿ ಮಾಡಿಕೊಳ್ಳಬೇಕು. ನನಗೆ ಇದೇ ಹಿಡಿಸಿತು. ಪ್ರಿಂಟ್ ಕೆಟ್ಟರೆ ತಪ್ಪು ಎಲ್ಲಿದೆ ಎಂದು ಹುಡುಕಲು ಒಂದೇ ಜಾಗ ಉಳಿಯುತ್ತದೆ.

ಪರೀಕ್ಷೆಯ ಪಟ್ಟಿಯನ್ನು ತೀರಾ ಗಿಡ್ಡವಾಗಿ ಕತ್ತರಿಸಬೇಡಿ. ಒಂದು ಜೋಡಿ ಉರುಳೆ ಕೈಬಿಡುವ ಮೊದಲು ಮುಂದಿನ ಜೋಡಿ ಹಿಡಿಯುವಷ್ಟು ಉದ್ದವಿರದಿದ್ದರೆ ಪಟ್ಟಿ ತೊಟ್ಟಿಯ ತಳ ಸೇರುತ್ತದೆ. 8×10 ಇಂಚಿನ ಹಾಳೆಯನ್ನು ಉದ್ದುದ್ದಕ್ಕೆ ಸೀಳಿ, ಎರಡಿಂಚು ಅಗಲ, ಹತ್ತಿಂಚು ಉದ್ದದ ಪಟ್ಟಿಗಳನ್ನು ಮಾಡಿಕೊಂಡು ನಡುವಿನಲ್ಲಿ ನೇರವಾಗಿ ಕೊಡಿ. ಸುರುಳಿಯಾಗುವ ಕಾಗದವಾದರೆ ಮುಂಭಾಗದ ಎರಡು ಮೂಲೆಗಳನ್ನು ಕೂದಲೆಳೆಯಷ್ಟು ಓರೆಯಾಗಿ ಕತ್ತರಿಸಿದರೆ ಸಲೀಸಾಗಿ ಒಳಗೆ ಹೋಗುತ್ತದೆ. ಎಮಲ್ಷನ್ ಮೇಲಿರಬೇಕೋ ಕೆಳಗಿರಬೇಕೋ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಅದರ ಕೈಪಿಡಿ ಹೇಳಿದಂತೆ ಮಾಡಿ. ನಡುವೆ ಕರೆಂಟ್ ಹೋದರೆ ಗಾಬರಿ ಬೇಡ, ಪಕ್ಕದ ಹಲ್ಲುಚಕ್ರವನ್ನು ಕೈಯಿಂದ ತಿರುಗಿಸಲು ಬರುವಂತಿದ್ದರೆ ಹಾಳೆಯನ್ನು ಮೆಲ್ಲಗೆ ದಾಟಿಸಿ.

ಡೆವಲಪರಿಗೆ ಮರುಪೂರಣ ಬೇಕು, ಅಂದರೆ ಹಾಳೆಗಳು ಓಡಿದಂತೆ ಹೊಸ ದ್ರಾವಣ ಸೇರಿಸುತ್ತಿರಬೇಕು. ಚದರ ಮೀಟರಿಗೆ ಎಷ್ಟು ಮಿಲಿಲೀಟರ್ ಎಂದು ಬಾಟಲಿಯ ಮೇಲೆ ಬರೆದಿರುತ್ತದೆ. 8×10ರ ಇಪ್ಪತ್ತು ಹಾಳೆ ಎಂದರೆ ಸರಿಸುಮಾರು ಒಂದು ಚದರ ಮೀಟರ್. ಗೋಡೆಗೆ ಒಂದು ಸ್ಲೇಟು ತೂಗುಹಾಕಿ ಹಾಳೆಗೊಂದು ಗೀಟು ಎಳೆಯುತ್ತೇನೆ, ಇಪ್ಪತ್ತಾದಾಗ ಅಳೆದು ಸುರಿಯುತ್ತೇನೆ. ಹಳೆಯ ಫಿಕ್ಸರಿನಲ್ಲಿ ಬೆಳ್ಳಿ ಇರುತ್ತದೆ, ಚರಂಡಿಗೆ ಚೆಲ್ಲಬೇಡಿ. ಎಕ್ಸ್-ರೇ ಫಿಕ್ಸರ್ ಕೊಳ್ಳುತ್ತಿದ್ದವರು ಸಿಕ್ಕಿದರೆ ಇದನ್ನೂ ಕೊಳ್ಳುತ್ತಾರೆ.

ಪ್ರಿಂಟಿನ ಮೇಲೆ ಕಲೆ ಬಂದರೆ ಉರುಳೆಯನ್ನು ಪತ್ತೆ ಮಾಡುವ ದಾರಿ ಇಲ್ಲಿದೆ. ಹಾಳೆ ಸಾಗಿದ ದಿಕ್ಕಿಗೇ ಉದ್ದಕ್ಕೆ ಗೀರಿದ್ದರೆ, ತಿರುಗದೆ ನಿಂತ ಯಾವುದೋ ಭಾಗ ತಾಗಿದೆ: ದಾರಿ ತೋರುವ ಪಟ್ಟಿಯಾಗಿರಬಹುದು, ಸಿಕ್ಕಿಹಾಕಿಕೊಂಡ ಉರುಳೆಯಾಗಿರಬಹುದು. ಅದೇ ಕಲೆ ಸಮಾನ ಅಂತರದಲ್ಲಿ ಮತ್ತೆ ಮತ್ತೆ ಬಂದರೆ ಅದು ತಿರುಗುವ ಉರುಳೆಯ ಕೆಲಸ. ಅಂತರವನ್ನು ಅಳೆದು 3.14ರಿಂದ ಭಾಗಿಸಿ, ಉರುಳೆಯ ದಪ್ಪ ಸಿಗುತ್ತದೆ. ಕಳೆದ ಮಳೆಗಾಲದಲ್ಲಿ ನನ್ನ ತಾಯಿಯ ಹಳೆಯ ನೆಗೆಟಿವ್ ಒಂದನ್ನು ಪ್ರಿಂಟ್ ಮಾಡುತ್ತಿದ್ದೆ. ಅವಳ ಸೆರಗಿನ ಮೇಲೆ ಒಂದು ಚುಕ್ಕೆ, ಅದರಿಂದ 78 ಮಿಲಿಮೀಟರ್ ಆಚೆ, ಕೈಬಳೆಯ ಪಕ್ಕ ಇನ್ನೊಂದು. ಭಾಗಿಸಿದರೆ 25 ಮಿಲಿಮೀಟರ್. ನನ್ನ ಯಂತ್ರದಲ್ಲಿ ಆ ದಪ್ಪದ ಉರುಳೆಗಳು ಫಿಕ್ಸರಿನ ಹೊರಬಾಗಿಲಲ್ಲಿ ಮಾತ್ರ ಇವೆ. ಚೌಕಟ್ಟನ್ನು ಎತ್ತಿ ಬೆರಳಾಡಿಸಿದೆ; ಕಣ್ಣಿಗೆ ಕಾಣದ, ಉಗುರಿಗೆ ಮಾತ್ರ ಸಿಗುವ ಒಂದು ಫಿಕ್ಸರ್ ಹರಳು ಅಂಟಿಕೊಂಡಿತ್ತು.

ಅಂಥ ಹರಳು ಕಟ್ಟುವುದು ಕೆಲಸ ಮುಗಿದ ರಾತ್ರಿಯ ಸೋಮಾರಿತನದಿಂದ. ಎಷ್ಟೇ ಹೊತ್ತಾಗಿರಲಿ, ಚೌಕಟ್ಟುಗಳನ್ನು ಹೊರತೆಗೆದು ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತನೆಯ ಸ್ಪಂಜಿನಿಂದ ಒರೆಸಿ. ಹಲ್ಲುಚಕ್ರಗಳ ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಬಳಸಿ, ಕೈಯಿಂದ ತಿರುಗಿಸುತ್ತಾ ಪ್ರತಿ ಉರುಳೆಯ ಪೂರ್ತಿ ಸುತ್ತನ್ನೂ ನೋಡಿ. ಡೆವಲಪರಿನದಕ್ಕೆ ಒಂದು ಸ್ಪಂಜು, ಫಿಕ್ಸರಿನದಕ್ಕೆ ಇನ್ನೊಂದು. ನೆರಳಿನಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ರಬ್ಬರು ಬಿರಿಯುತ್ತದೆ. ಡೆವಲಪರನ್ನು ಕಂಠದವರೆಗೆ ತುಂಬುವ ಬಾಟಲಿಗೆ ಸುರಿದಿಡಿ, ನೀರಿನ ತೊಟ್ಟಿಯನ್ನು ಬರಿದು ಮಾಡಿ. ಯಂತ್ರದ ಮುಚ್ಚಳವನ್ನು ಪೂರ್ತಿ ಮುಚ್ಚದೆ, ಎರಡು ಬೆರಳು ಹಿಡಿಸುವಷ್ಟು ತೆರೆದಿಟ್ಟು ದೀಪ ಆರಿಸಿ.