ಮೊದಲ ಲಿಫ್ಟ್ ಕಿಟ್: ಎತ್ತರ ಆಮೇಲೆ, ತೂಕ ಮೊದಲು

ಜುಲೈ ತಿಂಗಳಲ್ಲಿ ತೋಟದ ರಸ್ತೆಯಲ್ಲಿ ಟ್ರ್ಯಾಕ್ಟರ್, ಪಿಕಪ್ ಓಡಾಡಿ ಗಾಲಿಜಾಡು ಆಳವಾಗುತ್ತದೆ. ಆಗ ಜಿಮ್ನಿಯೋ ಜಿಪ್ಸಿಯೋ ನಿಂತುಬಿಡುವುದು ಹೆಚ್ಚಾಗಿ ಡಿಫರೆನ್ಷಿಯಲ್ (ಆಕ್ಸಲ್‌ನಲ್ಲಿರುವ ಗೇರ್ ಗುಂಡು) ನಡುದಿಬ್ಬಕ್ಕೆ ತಾಗಿ. ಇದಕ್ಕೆ ಲಿಫ್ಟ್ ಕಿಟ್, ಅಂದರೆ ಗಾಡಿ ಎತ್ತರಿಸುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳ ಸೆಟ್, ಮದ್ದಲ್ಲ. ಕಿಟ್ ಎತ್ತುವುದು ಚಾಸಿ ಮತ್ತು ಬಾಡಿಯನ್ನು. ರಿಜಿಡ್ ಆಕ್ಸಲ್ (ಎಡಬಲ ಚಕ್ರಗಳನ್ನು ಜೋಡಿಸುವ ಗಟ್ಟಿ ಅಡ್ಡದಂಡ) ಮತ್ತು ಅದರ ಡಿಫರೆನ್ಷಿಯಲ್ ಇದ್ದಷ್ಟೇ ಎತ್ತರದಲ್ಲಿ ಉಳಿಯುತ್ತವೆ. ಈಗಿನ ಥಾರ್‌ನ ಹಿಂದಿನ ಆಕ್ಸಲ್‌ಗೂ ಇದೇ ಮಾತು. ಡಿಫರೆನ್ಷಿಯಲ್ ಮೇಲೇಳಬೇಕಾದರೆ ಟೈರ್ ದೊಡ್ಡದಾಗಬೇಕು. ಜಿಮ್ನಿಯ 195/80 ಆರ್15 ಟೈರ್‌ನ ವ್ಯಾಸ ಸುಮಾರು 693 ಮಿ.ಮೀ., 235/75 ಆರ್15ರದ್ದು ಸುಮಾರು 733. ವ್ಯತ್ಯಾಸದ ಅರ್ಧ, ಅಂದರೆ 20 ಮಿ.ಮೀ., ನಿಮಗೆ ಸಿಗುವ ಲಾಭ. ಕೆಸರೇ ತೊಂದರೆಯಾದರೆ ಮೊದಲ ದುಡ್ಡನ್ನು ಒಳ್ಳೆಯ ಮಡ್ ಟೈರ್‌ಗೆ ಹಾಕಿ. ದೊಡ್ಡ ಟೈರ್ ಫೆಂಡರ್‌ಗೆ ಉಜ್ಜದಂತೆ ಜಾಗ ಕೊಡುವುದು, ದಿಣ್ಣೆ ಹತ್ತಿ ಇಳಿಯುವಾಗ ಬಂಪರ್, ಹೊಟ್ಟೆ ತಾಗದಂತೆ ಮಾಡುವುದು ಲಿಫ್ಟ್‌ನ ಕೆಲಸ.

ಮೊದಲ ಕಿಟ್‌ಗೆ 40ರಿಂದ 50 ಮಿ.ಮೀ. ಸಾಕು. ಕೊಡಗಿನ ಒಳರಸ್ತೆಗಳು ಒಂದು ಪಕ್ಕ ಬರೆ (ಕಡಿದಾದ ಮಣ್ಣಿನ ಗೋಡೆ), ಇನ್ನೊಂದು ಪಕ್ಕ ಇಳಿಜಾರು. ಮಳೆಗೆ ಅಂಚು ಕೊರೆದುಹೋದ ಕಡೆ ಗಾಡಿ ಓರೆಯಾಗಿ ನಿಂತಾಗ, ಹೆಚ್ಚಿಸಿದ ಒಂದೊಂದು ಮಿಲಿಮೀಟರೂ ಅದನ್ನು ಮಗುಚುವ ಕಡೆಗೇ ಎಳೆಯುತ್ತದೆ. 75 ಮಿ.ಮೀ. ದಾಟಿದರೆ ಆಕ್ಸಲ್‌ಗೆ ಎಂಜಿನ್ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನ, ಬ್ರೇಕ್ ಹೋಸ್, ಸ್ಟೀರಿಂಗ್ ರಾಡ್ ಎಲ್ಲವನ್ನೂ ಸರಿಪಡಿಸುತ್ತಾ ಹೋಗಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿಯ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಹಾಗಾಗಿ ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಕೇಳಿಕೊಳ್ಳಿ.

ಇನ್ನು ಸ್ಪ್ರಿಂಗ್. ಹೆಚ್ಚಿನವರು ಎಡವುವುದು ಇಲ್ಲೇ. ಒಂದೇ ಎತ್ತರದ ಕಿಟ್ ಹಗುರ, ಮಧ್ಯಮ, ಭಾರ ಎಂದು ಬೇರೆ ಬೇರೆ ಸ್ಪ್ರಿಂಗ್‌ಗಳಲ್ಲಿ ಬರುತ್ತದೆ, ಅದನ್ನು ಆರಿಸಲು ತೂಕ ಗೊತ್ತಿರಬೇಕು. ದಿನವೂ ಗಾಡಿಯಲ್ಲಿ ಇರುವ ಸಾಮಾನನ್ನೆಲ್ಲ ಹಾಕಿ, ಟ್ಯಾಂಕ್ ತುಂಬಿಸಿ, ಹತ್ತಿರದ ವೇ ಬ್ರಿಡ್ಜ್‌ಗೆ ಹೋಗಿ. ಮೊದಲು ಮುಂದಿನ ಚಕ್ರ ಮಾತ್ರ ತಟ್ಟೆಯ ಮೇಲೆ, ಆಮೇಲೆ ಇಡೀ ಗಾಡಿ, ಕೊನೆಗೆ ಹಿಂದಿನ ಚಕ್ರ ಮಾತ್ರ. ಈ ಮೂರು ಚೀಟಿ ಕಿಟ್ ಮಾರುವವರ ಮುಂದಿಟ್ಟು ಸ್ಪ್ರಿಂಗ್ ಕೇಳಿ. ಕಬ್ಬಿಣದ ಬಂಪರ್, ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಹಗ್ಗದ ಯಂತ್ರ) ಮುಂದೆ ಹಾಕಿಸುವ ಯೋಚನೆಯಿದ್ದರೆ ಅದನ್ನೂ ಹೇಳಿ. ವಿಂಚ್ ಒಂದೇ 30–40 ಕೆ.ಜಿ. ತೂಗುತ್ತದೆ.

ಖಾಲಿ ಗಾಡಿಗೆ ಭಾರದ ಸ್ಪ್ರಿಂಗ್ ಹಾಕಿದರೆ ಹೇಳಿದ್ದಕ್ಕಿಂತ ಎತ್ತರ ನಿಲ್ಲುತ್ತದೆ, ಕಲ್ಲುರಸ್ತೆಯಲ್ಲಿ ಹಿಂಭಾಗ ಎಗರುತ್ತದೆ, ತಿರುವಿನಲ್ಲಿ ಹಿಡಿತ ತಪ್ಪುತ್ತದೆ. ಹಗುರ ಸ್ಪ್ರಿಂಗ್ ಮೇಲೆ 50 ಕೆ.ಜಿ.ಯ ಐದಾರು ಚೀಲ ಕಾಫಿ ಹೇರಿದರೆ ಕೊಟ್ಟ ಎತ್ತರವೆಲ್ಲ ಕುಸಿದು ಆಕ್ಸಲ್ ಅದನ್ನು ತಡೆಯುವ ರಬ್ಬರ್ ತುಂಡಿಗೆ (ಬಂಪ್ ಸ್ಟಾಪ್) ಬಡಿಯುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ ಹೊರೆ ಹೊರುವ ಗಾಡಿಗೆ ಮಧ್ಯಮವೇ ಸರಿ. ಕಿಟ್ ಹಾಕಿದ ಮಾತ್ರಕ್ಕೆ ಗಾಡಿ ಹೊರಬಹುದಾದ ಮಿತಿ ಹೆಚ್ಚುವುದಿಲ್ಲ ಎಂಬುದೂ ನೆನಪಿರಲಿ.

ಕಾಯಿಲ್ ಸ್ಪ್ರಿಂಗ್ ಗಾಡಿಯಾದರೆ ಕಿಟ್‌ನಲ್ಲಿ ನಾಲ್ಕು ಸ್ಪ್ರಿಂಗ್, ಅವಕ್ಕೆ ಹೊಂದುವ ಉದ್ದದ ನಾಲ್ಕು ಶಾಕ್ ಇರಲೇಬೇಕು. ಹಳೆಯ ಶಾಕ್ ಉಳಿಸಿಕೊಂಡು ಸ್ಪ್ರಿಂಗ್ ಮಾತ್ರ ಬದಲಿಸಿದರೆ ಚಕ್ರ ಕೆಳಗಿಳಿದಾಗಲೆಲ್ಲ ಶಾಕ್ ಕೊನೆಯವರೆಗೆ ಎಳೆದು, ಮೌಂಟ್ ಬುಷ್ (ಜೋಡಣೆಯ ರಬ್ಬರ್) ಹರಿದು ಎಣ್ಣೆ ಸೋರುತ್ತದೆ. ಜಿಮ್ನಿಗೆ ಇನ್ನೂ ಎರಡು ಬೇಕು. ಎತ್ತರಿಸಿದಾಗ ಮುಂದಿನ ಆಕ್ಸಲ್ ಸ್ವಲ್ಪ ತಿರುಗಿ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ, ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಅದಕ್ಕೆ ಕ್ಯಾಸ್ಟರ್ ಬುಷ್. ಆಕ್ಸಲನ್ನು ಚಾಸಿಗೆ ಅಡ್ಡಲಾಗಿ ಕಟ್ಟಿರುವ ಪ್ಯಾನ್‌ಹಾರ್ಡ್ ರಾಡ್ ಅದನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಅದಕ್ಕೆ ಉದ್ದ ಹೊಂದಿಸಬಹುದಾದ ರಾಡ್.

ಜಿಪ್ಸಿ, ಹಳೆಯ ಜೀಪಿಗೆ ಲೀಫ್ ಪ್ಲೇಟ್ ಸೆಟ್, ಬುಷ್, ಶ್ಯಾಕಲ್ (ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ), ಜೊತೆಗೆ ಪ್ಲೇಟನ್ನು ಆಕ್ಸಲ್‌ಗೆ ಬಿಗಿಯುವ ಎಂಟು ಹೊಸ ಯು ಬೋಲ್ಟ್. ಒಮ್ಮೆ ಬಿಗಿದು ಎಳೆದ ಯು ಬೋಲ್ಟನ್ನು ಮತ್ತೆ ಹಾಕಬೇಡಿ. ಶ್ಯಾಕಲ್ ಮಾತ್ರ ಉದ್ದ ಮಾಡಿಸಿದರೆ ಹೆಚ್ಚಿಸಿದ್ದರಲ್ಲಿ ಅರ್ಧದಷ್ಟೇ ಎತ್ತರ ಬರುತ್ತದೆ, ಕ್ಯಾಸ್ಟರೂ ಬದಲಾಗುತ್ತದೆ. ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್‌ನಂತೆ ಕೆಲಸ ಮಾಡುವ ಸರಳು) ಇರುವ ಹಳೆಯ ಥಾರ್ ಸಿಆರ್‌ಡಿಇಯಲ್ಲಿ ಬೋಲ್ಟ್ ತಿರುಗಿಸಿ ಮುಂಭಾಗ ಎತ್ತಬಹುದು ನಿಜ, ಆದರೆ ಚಕ್ರ ಹೊಂಡಕ್ಕಿಳಿಯುವ ದೂರ ಅಷ್ಟೇ ಕಡಿಮೆಯಾಗಿ, ಬಾಲ್ ಜಾಯಿಂಟ್ ಬೇಗ ಸವೆಯುತ್ತದೆ.

ಬಿಚ್ಚುವ ಮೊದಲು ಸಮತಟ್ಟಾದ ನೆಲದಲ್ಲಿ ನಾಲ್ಕೂ ಚಕ್ರದ ಹಬ್ ಮಧ್ಯದಿಂದ ಫೆಂಡರ್ ಅಂಚಿನವರೆಗೆ ಅಳೆದು ಬರೆದಿಡಿ. ಜೋಡಿಸುವಾಗ ಆಕ್ಸಲ್ ಹಿಡಿಯುವ ಆರ್ಮ್, ಶ್ಯಾಕಲ್ ಬುಷ್‌ಗಳ ಬೋಲ್ಟನ್ನು ಗಾಡಿ ಜಾಕ್ ಮೇಲಿರುವಾಗ ಬಿಗಿಯಬಾರದು. ಚಕ್ರ ನೆಲಕ್ಕೆ ತಂದು, ಭಾರ ಬಿದ್ದ ಮೇಲೆ ಕಂಪನಿ ಹೇಳಿದ ಟಾರ್ಕ್‌ಗೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಆಮೇಲೆ ಚಾಸಿಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲ್ ಪೂರ್ತಿ ಕೆಳಗಿಳಿಯಲು ಬಿಡಿ. ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಬ್ರೇಕ್ ಹೋಸ್, ಎಬಿಎಸ್ ವೈರ್ ಬೆರಳಿನಿಂದ ಮುಟ್ಟಿ ನೋಡಿ: ತಂತಿಯಂತೆ ಬಿಗಿದಿದ್ದರೆ ಉದ್ದದ ಹೋಸ್ ಹಾಕಿಸದೆ ಗಾಡಿ ಹೊರಗೆ ತೆಗೆಯಬೇಡಿ. ಕೆಲವು ಗಾಡಿಗಳಲ್ಲಿ ಹಿಂದಿನ ಆಕ್ಸಲ್‌ಗೆ ಕೊಂಡಿ ಹಾಕಿದ ಬ್ರೇಕ್ ವಾಲ್ವ್ ಇರುತ್ತದೆ. ಗಾಡಿ ಎತ್ತರವಾದರೆ ಅದು ಹಿಂದೆ ಹೊರೆಯಿಲ್ಲವೆಂದು ಎಣಿಸಿ ಹಿಂದಿನ ಬ್ರೇಕ್ ಒತ್ತಡ ತಗ್ಗಿಸುತ್ತದೆ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವವರಿಗೆ ಇದು ಸಣ್ಣ ಸಂಗತಿಯಲ್ಲ. ಕೊಂಡಿಯನ್ನು ಲಿಫ್ಟಿಗೆ ತಕ್ಕಂತೆ ಹೊಂದಿಸಲೇಬೇಕು.

ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ಕೆಳಕ್ಕೆ ಹೊಂದಿಸಿ. 500 ಕಿ.ಮೀ. ಓಡಿದ ಮೇಲೆ ಯು ಬೋಲ್ಟ್ ಸಹಿತ ಎಲ್ಲ ಬೋಲ್ಟ್‌ಗಳನ್ನೂ ಟಾರ್ಕ್ ರೆಂಚ್‌ನಲ್ಲಿ ಮತ್ತೊಮ್ಮೆ ನೋಡಿ, ಎತ್ತರವನ್ನೂ ಅಳೆಯಿರಿ. ಹೊಸ ಸ್ಪ್ರಿಂಗ್ ಸ್ವಲ್ಪ ಕೂರುವುದು ಸಹಜ. ಒಂದು ಪಕ್ಕ ಮಾತ್ರ ಕುಳಿತಿದ್ದರೆ ಸ್ಪ್ರಿಂಗ್ ಅದರ ಸೀಟಿನಲ್ಲಿ ಸರಿಯಾಗಿ ಕೂತಿದೆಯೇ, ಎಡಬಲ ಅದಲುಬದಲಾಗಿದೆಯೇ ಎಂದು ಪರೀಕ್ಷಿಸಿ.